ಹನ್ನೆರಡು ತಿಂಗಳು ‘ಇಟ್ಟುಕೊಂಡ’ ಗಾಡಿ

ಪುಣೆಯ ಹಿಂಜವಡಿಯಲ್ಲಾಗಲಿ, ಹೈದರಾಬಾದಿನ ಗಚ್ಚಿಬೌಲಿಯಲ್ಲಾಗಲಿ, ಚೆನ್ನೈನ ಹಳೇ ಮಹಾಬಲಿಪುರಂ ರಸ್ತೆಯಲ್ಲಾಗಲಿ, ಯಾವುದಾದರೂ ಐಟಿ ಕಂಪನಿಯ ಪಾರ್ಕಿಂಗ್ ಜಾಗದಲ್ಲಿ ಒಂದು ಸುತ್ತು ಹಾಕಿದರೆ ‘ಕೆಎ’ ಎಂದು ಶುರುವಾಗುವ ನಂಬರ್ ಪ್ಲೇಟುಗಳು ಹತ್ತಾರು ಸಿಗುತ್ತವೆ. ಬೆಂಗಳೂರಿನ ಪಾರ್ಕಿಂಗಿನಲ್ಲಿ ಹಾಗೆಯೇ ಎಂಎಚ್, ಟಿಎನ್, ಕೆಎಲ್, ಎಪಿ. ಈ ಗಾಡಿಗಳ ಯಜಮಾನರಿಗೆಲ್ಲ ಒಂದು ಸಮಾನ ಗುಣವಿದೆ. ಸಿಗ್ನಲ್ಲಿನಲ್ಲಿ ಪೊಲೀಸರನ್ನು ಕಂಡ ಕೂಡಲೇ, ಹೆಲ್ಮೆಟ್, ಲೈಸೆನ್ಸ್, ವಿಮೆ ಎಲ್ಲ ಸರಿಯಿದ್ದರೂ, ಎದೆಯಲ್ಲಿ ಸಣ್ಣದೊಂದು ಅಳುಕು. “ಎಷ್ಟು ದಿನ ಆಯ್ತು ಈ ಗಾಡಿ ಇಲ್ಲಿಗೆ ಬಂದು?” ಎಂಬ ಪ್ರಶ್ನೆ ಬಂದೀತೆಂಬ ಅಳುಕು. ಆ ಪ್ರಶ್ನೆಗೆ ನಿಜ ಹೇಳಿದರೆ ಒಂದು ಕಷ್ಟ, ಸುಳ್ಳು ಹೇಳಿದರೆ ಇನ್ನೊಂದು.

ಈ ಅಳುಕಿಗೆ ಎಂಬತ್ತು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಅದರ ಮಧ್ಯದಲ್ಲಿ ಒಂದೇ ಒಂದು ಕ್ರಿಯಾಪದ ಕುಳಿತಿದೆ. ಗಾಡಿಯನ್ನು ಬೇರೆ ರಾಜ್ಯದಲ್ಲಿ ‘ಇಟ್ಟುಕೊಂಡಿದ್ದರೆ’ ಎಂಬ ಪದ ಅದು. ನನ್ನ ಕೆಲಸ ಸಾಫ್ಟ್‌ವೇರ್ ಯೋಜನೆಗಳನ್ನು ನಡೆಸುವುದು. ಗ್ರಾಹಕರು ಬರೆದುಕೊಟ್ಟ ಅಗತ್ಯಗಳ ಪಟ್ಟಿಯಲ್ಲಿ ಒಂದು ಪದ ಸಡಿಲವಾಗಿದ್ದರೆ ಆರು ತಿಂಗಳ ನಂತರ ಎಲ್ಲಿ ನೀರು ಸೋರುತ್ತದೆ ಎಂದು ಹುಡುಕುವುದೇ ನಮಗೆ ದಿನನಿತ್ಯದ ಪಾಡು. ಆ ಕಣ್ಣಿನಿಂದ ನಮ್ಮ ಮೋಟಾರು ವಾಹನ ಕಾನೂನುಗಳನ್ನು ಓದಿದರೆ ಸೋರುವ ಜಾಗಗಳು ತಾವಾಗಿಯೇ ಕಾಣುತ್ತವೆ.

ಎರಡು ಪಟ್ಟಿಗಳ ನಡುವೆ

ಭಾರತದಲ್ಲಿ ಮೋಟಾರು ಗಾಡಿಗಳು ಬಂದ ಹೊಸತರಲ್ಲಿ ಪ್ರಾಂತ್ಯಗಳೇ ತಮಗೆ ತೋಚಿದ ಕಾನೂನು ಮಾಡಿಕೊಂಡವು. ಇಡೀ ಬ್ರಿಟಿಷ್ ಇಂಡಿಯಾಕ್ಕೆ ಒಂದೇ ಕಾಯ್ದೆ ಬಂದದ್ದು 1914ರಲ್ಲಿ. ಅದು ಚಿಕ್ಕ ಕಾಯ್ದೆ. ವಿವರಗಳನ್ನೆಲ್ಲ ಪ್ರಾಂತ್ಯಗಳ ನಿಯಮಗಳಿಗೇ ಬಿಟ್ಟಿತ್ತು. ಲಾರಿ, ಬಸ್ಸುಗಳು ಹೆಚ್ಚಿ, ರೈಲಿಗೇ ಪೈಪೋಟಿ ಕೊಡಲು ಶುರುಮಾಡಿದ ಮೇಲೆ 1939ರಲ್ಲಿ ದೊಡ್ಡ ಕಾಯ್ದೆ ಬಂತು. ಸ್ವಾತಂತ್ರ್ಯ ಬಂದು, ರಾಜ್ಯಗಳ ಗಡಿ ಬದಲಾಗಿ, ಅಂಬಾಸಡರ್ ಹೋಗಿ ಮಾರುತಿ ಬಂದರೂ ಇದೇ ಕಾಯ್ದೆ ಐವತ್ತು ವರ್ಷ ನಡೆಯಿತು. ಈಗಿನ 1988ರ ಕಾಯ್ದೆ ಜಾರಿಗೆ ಬಂದದ್ದು 1989ರ ಜುಲೈ 1ರಂದು.

1939ರ ಕಾಯ್ದೆಯ ಒಂದು ಒಳ್ಳೆಯ ಗುಣವೆಂದರೆ, ಒಂದು ಕಡೆ ನೋಂದಣಿಯಾದ ಗಾಡಿ ದೇಶದ ಬೇರೆ ಕಡೆಯೂ ಓಡಬಹುದು ಎಂದದ್ದು. ಆದರೆ ಗಾಡಿ ಶಾಶ್ವತವಾಗಿ ಬೇರೆ ಕಡೆಗೆ ಹೋಗಿಬಿಟ್ಟರೆ? ಅದರ ದಾಖಲೆ ಧಾರವಾಡದಲ್ಲಿ, ಗಾಡಿ ನಾಗಪುರದಲ್ಲಿ ಎಂದಾದರೆ ಅಪಘಾತವಾದಾಗ, ಕಳುವಾದಾಗ ಹುಡುಕುವುದು ಹೇಗೆ? ಆ ಕಾಲದಲ್ಲಿ ದಾಖಲೆ ಎಂದರೆ ಒಂದು ದಪ್ಪ ರಿಜಿಸ್ಟರು, ಅದು ಒಂದೇ ಊರಿನ ಒಂದೇ ಕಚೇರಿಯಲ್ಲಿ. ಹಾಗಾಗಿ ಒಂದು ವಾಕ್ಯ ಸೇರಿಸಿದರು. ಒಂದು ಕಡೆ ನೋಂದಣಿಯಾದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗೂ ಮೀರಿ ‘ಇಟ್ಟುಕೊಂಡಿದ್ದರೆ’ ಯಜಮಾನನು ಅಲ್ಲಿಯ ಹೊಸ ನಂಬರಿಗೆ ಅರ್ಜಿ ಹಾಕಬೇಕು. ಇದು ಹಳೆಯ ಕಾಯ್ದೆಯ 29ನೇ ಸೆಕ್ಷನ್. ಹೊಸ ಕಾಯ್ದೆಯಲ್ಲಿ 47ನೇ ಸೆಕ್ಷನ್ನಾಗಿ ಮುಂದುವರಿಯಿತು.

ಗಮನಿಸಿ, ಈ ವಾಕ್ಯದ ಉದ್ದೇಶ ತೆರಿಗೆಯಲ್ಲ, ರಿಜಿಸ್ಟರು. ಮೂಲ ಪಾಠದಲ್ಲಿ, ಅರ್ಜಿ ಹಾಕದೆ ತಡಮಾಡಿದವನು ಮೊಕದ್ದಮೆಯ ಬದಲಿಗೆ ಕಟ್ಟಬೇಕಾದ ಮೊತ್ತ ನೂರು ರೂಪಾಯಿ ಮೀರಬಾರದು ಎಂದಿದೆ. ನೂರು ರೂಪಾಯಿಯ ಮರೆವು ಎಂದೇ ಕಾನೂನು ಅದನ್ನು ನೋಡಿತ್ತು.

ಆದರೆ ಗಾಡಿಯ ಮೇಲೆ ತೆರಿಗೆ ಹಾಕುವ ಅಧಿಕಾರ ಇರುವುದು ಬೇರೆಯವರ ಕೈಯಲ್ಲಿ. 1935ರ ಕಾಯ್ದೆ ಅಧಿಕಾರಗಳನ್ನು ಕೇಂದ್ರಕ್ಕೆ ಒಂದಿಷ್ಟು, ಪ್ರಾಂತ್ಯಕ್ಕೆ ಒಂದಿಷ್ಟು ಎಂದು ಪಟ್ಟಿ ಮಾಡಿ ಹಂಚಿತ್ತು. ಸಂವಿಧಾನವೂ ಅದೇ ಜಾಡು ಹಿಡಿಯಿತು. ಮೋಟಾರು ಗಾಡಿಗಳ ನಿಯಮ, ಅವುಗಳ ಮೇಲಿನ ತೆರಿಗೆಯ ತತ್ವಗಳು ಸಮವರ್ತಿ ಪಟ್ಟಿಯ 35ನೇ ನಮೂದಿನಲ್ಲಿ. ‘ರಸ್ತೆಯ ಮೇಲೆ ಓಡಿಸಲು ಯೋಗ್ಯವಾದ’ ಗಾಡಿಗಳ ಮೇಲಿನ ತೆರಿಗೆ ರಾಜ್ಯ ಪಟ್ಟಿಯ 57ನೇ ನಮೂದಿನಲ್ಲಿ. ಅಂದರೆ ನಂಬರು ಕೊಡುವ ನಿಯಮ ದಿಲ್ಲಿಯದು, ದುಡ್ಡು ಎತ್ತುವ ಹಕ್ಕು ರಾಜ್ಯದ್ದು. ಒಂದೇ ಗಾಡಿಗೆ ಇಬ್ಬರು ಯಜಮಾನರು, ಇಬ್ಬರ ಕೈಯಲ್ಲೂ ಬೇರೆಬೇರೆ ಶಬ್ದಕೋಶ.

ಅಜ್ಮೀರದ ಬಸ್ಸು

ಈ ಎರಡು ಶಬ್ದಕೋಶಗಳ ನಡುವೆ ಮೊದಲು ಸಿಕ್ಕಿಬಿದ್ದವರಲ್ಲಿ ಅಜ್ಮೀರದ ಬಸ್ ಮಾಲೀಕರೂ ಇದ್ದರು. 1956ರವರೆಗೆ ಅಜ್ಮೀರ ಒಂದು ಪ್ರತ್ಯೇಕ ಪುಟ್ಟ ರಾಜ್ಯ. ಸುತ್ತಲೂ ರಾಜಸ್ಥಾನ. ಹಳೆಯ ಸಂಸ್ಥಾನಗಳ ಗಡಿಗಳು ಹರಿದ ಬಟ್ಟೆಯ ಅಂಚಿನಂತೆ ಇದ್ದವು. ನಾಸಿರಾಬಾದಿನಿಂದ ದೇವಲಿಗೆ ಹೋಗುವ ರಸ್ತೆ ಬಹುಪಾಲು ಅಜ್ಮೀರ ರಾಜ್ಯದ್ದೇ. ಆದರೆ ನಡುನಡುವೆ ರಾಜಸ್ಥಾನದ ಕಿರಿದಾದ ಪಟ್ಟಿಗಳು ಅಡ್ಡ ಬರುತ್ತಿದ್ದವು. ಬಸ್ಸು ಕೆಲವು ನಿಮಿಷ ರಾಜಸ್ಥಾನ, ಮತ್ತೆ ಅಜ್ಮೀರ, ಮತ್ತೆ ರಾಜಸ್ಥಾನ. ಒಳಗೆ ಕೂತ ಪ್ರಯಾಣಿಕನಿಗೆ ಗೊತ್ತೂ ಆಗದು.

1951ರಲ್ಲಿ ರಾಜಸ್ಥಾನ ತನ್ನ ಮೋಟಾರು ವಾಹನ ತೆರಿಗೆ ಕಾಯ್ದೆ ಮಾಡಿತು. ತೆರಿಗೆ ಯಾರ ಮೇಲೆ? ರಾಜಸ್ಥಾನದ ಸಾರ್ವಜನಿಕ ಸ್ಥಳದಲ್ಲಿ ‘ಬಳಸಿದ’ ಅಥವಾ ಬಳಸಲೆಂದು ‘ಇಟ್ಟುಕೊಂಡ’ ಗಾಡಿಗಳ ಮೇಲೆ. ಎಷ್ಟು ದಿನ ಬಳಸಿದರೆ? ಎಷ್ಟು ಮೈಲಿ? ಆ ಮಾತು ಇರಲಿಲ್ಲ. ಪಟ್ಟಿ ದಾಟಿದ ಬಸ್ಸೂ ‘ಬಳಸಿದ’ ಗಾಡಿಯೇ, ಜೈಪುರದಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಓಡಿದ ಬಸ್ಸೂ ‘ಬಳಸಿದ’ ಗಾಡಿಯೇ. ತೆರಿಗೆಯ ಬೇಡಿಕೆ ಬಂತು. ಅಜ್ಮೀರದ ಮಾಲೀಕರು ನ್ಯಾಯಾಲಯಕ್ಕೆ ಹೋದರು. ಭಾರತದ ಉದ್ದಗಲಕ್ಕೂ ವ್ಯಾಪಾರ ಮತ್ತು ಸಂಚಾರ ಮುಕ್ತ ಎಂದು ಸಂವಿಧಾನದ 301ನೇ ವಿಧಿ ಹೇಳುತ್ತದೆ, ಹಾಗಿರುವಾಗ ಗಡಿ ದಾಟಿದ್ದಕ್ಕೆ ತೆರಿಗೆ ಹೇಗೆ ಎಂಬುದು ಅವರ ವಾದ.

ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 1962ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿತು. ನಾಲ್ವರು ಒಂದು ಕಡೆ, ಮೂವರು ಇನ್ನೊಂದು ಕಡೆ. ಬಹುಮತ ಹೇಳಿದ್ದು ಇಷ್ಟು: ರಸ್ತೆ ಕಟ್ಟಿ, ಕಾಪಾಡಲು ಖರ್ಚಾಗುತ್ತದೆ. ಆ ಸೌಕರ್ಯಕ್ಕೆ ಪ್ರತಿಯಾಗಿ ಪಡೆಯುವ ತೆರಿಗೆ ‘ಪರಿಹಾರಾತ್ಮಕ’. ಅದು ಸಂಚಾರಕ್ಕೆ ಅಡ್ಡಿಯಲ್ಲ, ಸಹಾಯವೇ. ಮಾಲೀಕರು ಸೋತರು. ವಿಚಿತ್ರವೆಂದರೆ, ತೀರ್ಪು ಬರುವ ಹೊತ್ತಿಗೆ ಜಗಳಕ್ಕೆ ಕಾರಣವಾದ ಗಡಿಯೇ ಇರಲಿಲ್ಲ. 1956ರ ನವೆಂಬರ್ 1ರಂದು ಅಜ್ಮೀರ ರಾಜಸ್ಥಾನದಲ್ಲಿ ಸೇರಿಹೋಗಿತ್ತು. ನಾವು ಬೇರೆ ಊರುಗಳಲ್ಲಿ ರಾಜ್ಯೋತ್ಸವ ಮಾಡಿ ಕೋಸಂಬರಿ ಹಂಚುವ ಅದೇ ದಿನ.

ಗಡಿ ಅಳಿಸಿತು, ತೀರ್ಪು ಉಳಿಯಿತು. ‘ಪರಿಹಾರಾತ್ಮಕ ತೆರಿಗೆ’ ಎಂಬ ಆ ಸಿದ್ಧಾಂತ ಐವತ್ತು ವರ್ಷಕ್ಕೂ ಹೆಚ್ಚು ಕಾಲ ರಾಜ್ಯಗಳ ಬೆನ್ನಿಗೆ ನಿಂತಿತು. ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದನ್ನು ತೆಗೆದುಹಾಕಿದ್ದು 2016ರ ನವೆಂಬರ್‌ನಲ್ಲಿ, ಜಿಂದಾಲ್ ಸ್ಟೇನ್‌ಲೆಸ್ ಪ್ರಕರಣದಲ್ಲಿ. ಹಾಗೆಂದು ಗಡಿ ದಾಟುವವರಿಗೆ ಸುಖವೇನೂ ಆಗಲಿಲ್ಲ. ತೆರಿಗೆ ತಾರತಮ್ಯದಿಂದ ಕೂಡಿರಬಾರದು, ಅಷ್ಟೇ. ಬರೀ ತೆರಿಗೆ ಎಂಬ ಕಾರಣಕ್ಕೆ ಅದು ಸಂಚಾರಕ್ಕೆ ಅಡ್ಡಿಯಲ್ಲ ಎಂದಿತು ಆ ಪೀಠ.

‘ಯೋಗ್ಯ’ ಗಾಡಿ ಮತ್ತು ನಕಲು ಮಾಡಿದ ವ್ಯಾಖ್ಯೆ

ಏಕೀಕರಣವಾದ ಮರುವರ್ಷವೇ ಮೈಸೂರು ರಾಜ್ಯ ತನ್ನ ಮೋಟಾರು ವಾಹನ ತೆರಿಗೆ ಕಾಯ್ದೆ ಮಾಡಿತು. ಮುಂಬಯಿ ಕಡೆಯಿಂದ, ಹೈದರಾಬಾದ್ ಕಡೆಯಿಂದ, ಮದರಾಸು ಕಡೆಯಿಂದ, ಕೊಡಗಿನಿಂದ ಬಂದ ಸೀಮೆಗಳೆಲ್ಲ ಒಂದಾದ ಮೇಲೆ ಒಂದೇ ತೆರಿಗೆ ಬೇಕಿತ್ತು. 1957ರ ಆ ಕಾಯ್ದೆಯೇ ಇಂದಿನ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆ. ಅದರ 3ನೇ ಸೆಕ್ಷನ್ ಸಂವಿಧಾನದ ಪದವನ್ನೇ ತೆಗೆದುಕೊಂಡಿತು. ರಸ್ತೆಯ ಮೇಲೆ ಓಡಿಸಲು ಯೋಗ್ಯವಾದ ಎಲ್ಲ ಗಾಡಿಗಳ ಮೇಲೂ ತೆರಿಗೆ.

‘ಯೋಗ್ಯ’ ಎಂದರೇನು ಎಂದು ಯಾರಾದರೂ ಕೇಳಿಯಾರೆಂದು ಕೆಳಗೇ ಒಂದು ವಿವರಣೆ ಕೊಟ್ಟರು. ಯಾವ ಗಾಡಿಯ ನೋಂದಣಿ ಪತ್ರ ಚಾಲ್ತಿಯಲ್ಲಿದೆಯೋ ಅದು ಯೋಗ್ಯ ಎಂದೇ ಭಾವಿಸತಕ್ಕದ್ದು. ಬರೆಯುವಾಗ ಇದು ಸುಲಭದ ದಾರಿ. ಅಧಿಕಾರಿ ಗಾಡಿಯ ಎಂಜಿನ್ ತೆರೆದು ನೋಡಬೇಕಿಲ್ಲ, ಕಾಗದ ನೋಡಿದರೆ ಸಾಕು. ಪರಿಣಾಮ ಮಾತ್ರ ಬೇರೆ. ಗ್ಯಾರೇಜಿನಲ್ಲಿ ನಾಲ್ಕು ತಿಂಗಳಿಂದ ಇಟ್ಟಿಗೆಯ ಮೇಲೆ ಕುಳಿತ, ಎಂಜಿನ್ ಕಳಚಿದ ಬಸ್ಸೂ ಕಾನೂನಿನ ಕಣ್ಣಿಗೆ ರಸ್ತೆಯ ಮೇಲೆ ಓಡಲು ಯೋಗ್ಯ. ಬಸ್ಸು ಓಡುತ್ತಿಲ್ಲ ಎಂದು ಮುಂಚೆಯೇ ಬರೆದುಕೊಟ್ಟು, ಕಾಗದಪತ್ರ ಒಪ್ಪಿಸಿದ ಮಾಲೀಕನಿಗೆ ದಾರಿಯುಂಟು. ಕೆಟ್ಟ ಮೇಲೆ ಬುದ್ಧಿ ಬಂದವನಿಗೆ ಇಲ್ಲ. ಬಸ್ಸು ಕೆಡುವ ದಿನ ಮುಂಚೆಯೇ ತಿಳಿಸಿ ಕೆಡುವುದಿಲ್ಲ ಎಂಬುದು ಕಾಯ್ದೆ ಬರೆದವರಿಗೆ ಹೊಳೆಯಲಿಲ್ಲವೋ ಏನೋ.

ಇಂಥದೇ ಇನ್ನೊಂದು ಕತೆ ಒಡಿಶಾದ ಗಣಿಗಳದು. ಗಣಿಯೊಳಗೇ ಅದಿರು ಹೊರುವ ಡಂಪರ್‌ಗಳಿಗೆ ರಾಜ್ಯ ತೆರಿಗೆ ಕೇಳಿತು. ಅವು ಊರಿನ ರಸ್ತೆಗೇ ಬರುವುದಿಲ್ಲ. ತೆರಿಗೆ ಕಾನೂನಿನಲ್ಲಿ ‘ಮೋಟಾರು ವಾಹನ’ ಎಂದರೆ 1939ರ ಕೇಂದ್ರ ಕಾಯ್ದೆಯಲ್ಲಿ ಹೇಳಿದ ಅರ್ಥವೇ ಎಂದು ಬರೆದಿತ್ತು. 1956ರಲ್ಲಿ ಸಂಸತ್ತು ಆ ವ್ಯಾಖ್ಯೆಯನ್ನೇ ಬದಲಿಸಿತು. ಮೊದಲು ಮಾಲೀಕನ ಸ್ವಂತ ಆವರಣದಲ್ಲಷ್ಟೇ ಓಡುವ ಗಾಡಿ ಹೊರಗಿತ್ತು. ಆಮೇಲೆ ಆ ವಿನಾಯಿತಿ ಕಿರಿದಾಯಿತು. ಹಾಗಾದರೆ ರಾಜ್ಯದ ತೆರಿಗೆ ಕಾನೂನಿಗೆ ಅನ್ವಯಿಸುವುದು ಹಳೆಯ ವ್ಯಾಖ್ಯೆಯೋ ಹೊಸದೋ?

ಕಂಪ್ಯೂಟರಿನವರಿಗೆ ಈ ಪ್ರಶ್ನೆ ಕೂಡಲೇ ಅರ್ಥವಾಗುತ್ತದೆ. ರಾಜ್ಯ ಮಾಡಿದ್ದು ನಕಲೋ, ಲಿಂಕೋ? ನಕಲಾದರೆ ಮೂಲ ಬದಲಾದರೂ ಇಲ್ಲಿ ಹಳೆಯದೇ ಉಳಿಯುತ್ತದೆ. ಲಿಂಕಾದರೆ ಅಲ್ಲಿ ಬದಲಾದದ್ದು ಇಲ್ಲೂ ಬದಲಾಗುತ್ತದೆ. 1974ರ ಬೊಲಾನಿ ಓರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದು ನಕಲು ಎಂದಿತು. ಡಂಪರ್‌ಗಳು ಕೇಂದ್ರ ಕಾಯ್ದೆಯ ಪ್ರಕಾರ ನೋಂದಣಿಯಾಗಬೇಕಾದ ಮೋಟಾರು ವಾಹನಗಳೇ, ಆದರೆ ಗಣಿಯ ಆವರಣದಲ್ಲಷ್ಟೇ ಓಡುವತನಕ ರಾಜ್ಯದ ತೆರಿಗೆಗೆ ಸಿಗುವುದಿಲ್ಲ. ಒಂದೇ ಗಾಡಿ ಒಂದು ಕಾನೂನಿಗೆ ಗಾಡಿ, ಇನ್ನೊಂದಕ್ಕೆ ಅಲ್ಲ. ಬರೆಯುವಾಗ ಒಂದು ಸಾಲು ಹೆಚ್ಚು ಬರೆದಿದ್ದರೆ ಸುಪ್ರೀಂ ಕೋರ್ಟಿನವರೆಗೆ ಹೋಗುವ ಖರ್ಚು ಎಲ್ಲರಿಗೂ ಉಳಿಯುತ್ತಿತ್ತು.

ಜೀವಿತಾವಧಿ ಎಂಬ ಹೊಸ ಗಂಟು

ಇಲ್ಲಿಯವರೆಗಿನ ಜಗಳಗಳೆಲ್ಲ ಬಸ್ಸು, ಲಾರಿ, ಡಂಪರ್‌ಗಳದು. ಕಾರು, ಬೈಕು ಇಟ್ಟ ಸಾಮಾನ್ಯರಿಗೆ ಅಷ್ಟು ತಟ್ಟಲಿಲ್ಲ. ಕಾರಣ ಸರಳ. ತೆರಿಗೆ ಮೂರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಕಟ್ಟುವಂಥದ್ದು. ಊರು ಬಿಟ್ಟರೆ ಮುಂದಿನ ವರ್ಷದ್ದನ್ನು ಹೊಸ ಊರಲ್ಲಿ ಕಟ್ಟಿದರಾಯಿತು.

ಆಮೇಲೆ ರಾಜ್ಯಗಳು ಒಂದೊಂದಾಗಿ ಜೀವಿತಾವಧಿ ತೆರಿಗೆಗೆ ಬಂದವು. ಜನರ ಬಾಯಲ್ಲಿ ‘ಲೈಫ್ ಟ್ಯಾಕ್ಸ್’. ವರ್ಷವರ್ಷವೂ ಸಾಲು ನಿಲ್ಲುವ ಗೋಳು ತಪ್ಪಿತು, ಸರ್ಕಾರಕ್ಕೂ ಬಾಕಿ ವಸೂಲಿಯ ತಲೆನೋವು ತಪ್ಪಿತು. ಇದು ನಿಜವಾಗಿ ಒಳ್ಳೆಯ ಸುಧಾರಣೆಯೇ. ಆದರೆ ಒಂದು ಊಹೆ ಅದರೊಳಗೆ ಅಡಗಿತ್ತು. ಗಾಡಿ ಕೊಂಡವನು ಅದೇ ರಾಜ್ಯದಲ್ಲಿ ಹದಿನೈದು ವರ್ಷ ಇರುತ್ತಾನೆ ಎಂಬ ಊಹೆ. ನಮ್ಮ ತಂದೆಯವರ ಕಾಲಕ್ಕೆ ಅದು ಸರಿಯೇ. ನಮ್ಮ ಕಾಲಕ್ಕೆ ಅಲ್ಲ.

ಕರ್ನಾಟಕದ ದರ ನೋಡಿ. ಐದು ಲಕ್ಷದವರೆಗಿನ ಕಾರಿಗೆ ಬೆಲೆಯ ಶೇ. 13, ಹತ್ತು ಲಕ್ಷದವರೆಗೆ ಶೇ. 14, ಇಪ್ಪತ್ತರವರೆಗೆ ಶೇ. 17, ಅದರಾಚೆ ಶೇ. 18, ಮೇಲೆ ಸೆಸ್. ಎಂಟು ಲಕ್ಷದ ಕಾರಿಗೆ ಸೆಸ್ ಬಿಟ್ಟೇ 1,12,000 ರೂಪಾಯಿ. ಹುಬ್ಬಳ್ಳಿಯ ಹುಡುಗಿಯೊಬ್ಬಳು ಅಲ್ಲಿ ಕಾರು ಕೊಂಡು, ಮೂರು ವರ್ಷದ ನಂತರ ಪುಣೆಗೆ ಬಂದಳು ಎಂದಿಟ್ಟುಕೊಳ್ಳಿ. ಅವಳು ಹದಿನೈದು ವರ್ಷದ ರಸ್ತೆಯನ್ನು ಕರ್ನಾಟಕದಲ್ಲಿ ಕೊಂಡಿದ್ದಾಳೆ, ಬಳಸಿದ್ದು ಮೂರು ವರ್ಷ. ಈಗ ಮಹಾರಾಷ್ಟ್ರದಲ್ಲಿ ಉಳಿದ ವರ್ಷಗಳ ರಸ್ತೆಯನ್ನು ಮತ್ತೊಮ್ಮೆ ಕೊಳ್ಳಬೇಕು. ಹುಬ್ಬಳ್ಳಿಯ ಆರ್‌ಟಿಒದಿಂದ ಎನ್‌ಒಸಿ ತರಬೇಕು. ಸಾಲದ ಮೇಲೆ ಕೊಂಡಿದ್ದರೆ ಬ್ಯಾಂಕಿನ ಒಪ್ಪಿಗೆ ಬೇಕು. ಪುಣೆಯಲ್ಲಿ ಮೊದಲು ದುಡ್ಡು ಕಟ್ಟಿ ಹೊಸ ಆರ್‌ಸಿ ಪಡೆದು, ಅದನ್ನು ತೋರಿಸಿ ಹುಬ್ಬಳ್ಳಿಯಲ್ಲಿ ಉಳಿಕೆ ಹಣ ವಾಪಸು ಕೇಳಬೇಕು. ಕೊಡುವುದು ಮೊದಲು, ಪಡೆಯುವುದು ನಂತರ. ಎರಡು ರಾಜ್ಯಗಳ ಖಜಾನೆಗಳು ತಮ್ಮತಮ್ಮಲ್ಲೇ ಮಾಡಿಕೊಳ್ಳಬೇಕಾದ ಲೆಕ್ಕವನ್ನು ಅವಳು ರಜೆ ಹಾಕಿ ಬಸ್ಸಿನಲ್ಲಿ ಓಡಾಡಿ ಮಾಡಿಕೊಡಬೇಕು.

ಇಲ್ಲಿಗೆ 1939ರ ಆ ನಿರುಪದ್ರವಿ ಪದ ವಿಷವಾಯಿತು. ರಿಜಿಸ್ಟರು ಸರಿಯಿರಲೆಂದು ಬರೆದ ‘ಹನ್ನೆರಡು ತಿಂಗಳು ಇಟ್ಟುಕೊಂಡಿದ್ದರೆ’ ಎಂಬ ಮಾತಿನ ಹಿಂದೆ ಈಗ ಲಕ್ಷ ರೂಪಾಯಿ ಜೋತುಬಿದ್ದಿದೆ. ನೂರು ರೂಪಾಯಿಯ ಪ್ರಶ್ನೆಗೆ ಪದ ಸಡಿಲವಿದ್ದರೂ ನಡೆಯುತ್ತದೆ. ಲಕ್ಷದ ಪ್ರಶ್ನೆಗೆ ನಡೆಯದು. ‘ಇಟ್ಟುಕೊಳ್ಳುವುದು’ ಎಂದರೆ ಒಂದೇ ಸಮನೆಯೋ? ಹಬ್ಬಕ್ಕೆ ಊರಿಗೆ ಹೋಗಿಬಂದರೆ ಎಣಿಕೆ ಮತ್ತೆ ಒಂದರಿಂದಲೋ? ಗಾಡಿ ಬಂದ ದಿನ ಯಾವುದು, ಅದನ್ನು ಸಾಬೀತು ಮಾಡಬೇಕಾದವರು ಯಾರು, ಅಧಿಕಾರಿಯೋ ಯಜಮಾನನೋ? ಸೆಕ್ಷನ್ ಯಾವುದಕ್ಕೂ ಉತ್ತರಿಸುವುದಿಲ್ಲ. ಕಾನೂನು ಬಿಟ್ಟ ಜಾಗವನ್ನು ರಸ್ತೆಬದಿಯ ಮಾತುಕತೆ ತುಂಬಿಕೊಂಡಿತು. ಆ ಮಾತುಕತೆ ಎಲ್ಲಿ ಮುಗಿಯುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಮೂವತ್ತು ದಿನ

2014ರಲ್ಲಿ ಕರ್ನಾಟಕ ತನ್ನ ತೆರಿಗೆ ಕಾಯ್ದೆಗೆ ತಿದ್ದುಪಡಿ ತಂದಿತು. ಬೇರೆ ರಾಜ್ಯದಲ್ಲಿ ನೋಂದಣಿಯಾದ ಗಾಡಿ ಕರ್ನಾಟಕದಲ್ಲಿ ಮೂವತ್ತು ದಿನ ಮೀರಿ ಬಳಕೆಯಾದರೆ ಜೀವಿತಾವಧಿ ತೆರಿಗೆ ಕಟ್ಟಬೇಕು.

ಉದ್ದೇಶ ಕೆಟ್ಟದೆಂದು ಹೇಳಲಾಗದು. ತೆರಿಗೆ ಕಡಿಮೆಯಿರುವ ಪುದುಚೇರಿಯಂಥ ಕಡೆ ನೋಂದಣಿ ಮಾಡಿಸಿ, ಕೋಟಿ ರೂಪಾಯಿಯ ಕಾರುಗಳನ್ನು ಬೆಂಗಳೂರಿನಲ್ಲಿ ಓಡಿಸುವವರಿದ್ದರು. ಅವರಿಂದ ಖಜಾನೆಗೆ ಬೀಳುತ್ತಿದ್ದ ತೂತು ದೊಡ್ಡದು. ಹನ್ನೆರಡು ತಿಂಗಳು ಎಂಬ ಮಿತಿ ಅವರಿಗೆ ವರವಾಗಿತ್ತು. ‘ನಿನ್ನೆ ತಾನೆ ಬಂದೆ’ ಎಂದರೆ ಮುಗಿಯಿತು. ಅದನ್ನು ಮುಚ್ಚಬೇಕಿತ್ತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆಯಂತೆ, ಊರಿಗೆ ಬಂದ ಗಾಡಿ ರಸ್ತೆಗೆ ಬಂದೇ ಬರುತ್ತದೆ, ಅಲ್ಲೇ ಹಿಡಿಯೋಣ ಎಂದಿತು ಸರ್ಕಾರ.

ಆದರೆ ವಾಕ್ಯ ಬರೆದದ್ದು ಕೋಟಿಯ ಕಾರಿಗೆಂದಲ್ಲ, ‘ಗಾಡಿ’ ಎಂದು. ಹಾಗಾಗಿ ಬಲೆಗೆ ಬಿದ್ದವರ ಸಾಲು ಬೇರೆಯೇ. ಕೊಚ್ಚಿಯಿಂದ ಬೈಕು ತಂದು ಮಣಿಪಾಲದಲ್ಲಿ ಓದುವ ವಿದ್ಯಾರ್ಥಿ, ನಾಲ್ಕು ತಿಂಗಳ ಪ್ರಾಜೆಕ್ಟಿಗೆಂದು ಹೈದರಾಬಾದಿನಿಂದ ಬಂದ ಎಂಜಿನಿಯರ್, ಹೊಸೂರಿನಲ್ಲಿ ಮನೆ ಮಾಡಿ ದಿನವೂ ಎಲೆಕ್ಟ್ರಾನಿಕ್ ಸಿಟಿಗೆ ಬರುವವನು, ಕಾಸರಗೋಡಿನಿಂದ ಮಂಗಳೂರಿನ ಆಸ್ಪತ್ರೆಗೆ ಅಪ್ಪನನ್ನು ತಿಂಗಳುಗಟ್ಟಲೆ ಕರೆತರುವ ಮಗ. ಕೊನೆಯ ಇಬ್ಬರು ರಾತ್ರಿ ಗಾಡಿ ನಿಲ್ಲಿಸುವುದು ತಮ್ಮ ರಾಜ್ಯದಲ್ಲೇ. ಅವರು ಇಲ್ಲಿ ಗಾಡಿ ‘ಇಟ್ಟುಕೊಂಡವರಲ್ಲ’, ‘ಬಳಸಿದವರು’. 1951ರ ಅಜ್ಮೀರದ ಬಸ್ಸಿನ ಸ್ಥಿತಿಯೇ ಅವರದು.

ಎರಡು ಕಾನೂನುಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಗೊಂದಲ ಇನ್ನೂ ಚೆನ್ನಾಗಿ ಕಾಣುತ್ತದೆ. ಕೇಂದ್ರದ ನಿಯಮಗಳಲ್ಲೂ ಒಂದು ‘ಮೂವತ್ತು ದಿನ’ ಇದೆ. ಹನ್ನೆರಡು ತಿಂಗಳು ಮುಗಿದ ಮೇಲೆ ಹೊಸ ನಂಬರಿಗೆ ಅರ್ಜಿ ಹಾಕಲು ಕೊಟ್ಟ ಕಾಲಾವಕಾಶ ಅದು. ರಾಜ್ಯದ ಮೂವತ್ತು ದಿನ ಶುರುವಾಗುವುದು ಗಾಡಿ ಕಾಲಿಟ್ಟ ದಿನದಿಂದ. ಒಂದು ಕಾನೂನು ‘ನೀನು ಹನ್ನೆರಡು ತಿಂಗಳು ಅತಿಥಿ’ ಎನ್ನುತ್ತದೆ, ಇನ್ನೊಂದು ‘ಒಂದು ತಿಂಗಳಾದ ಮೇಲೆ ನೀನು ಹದಿನೈದು ವರ್ಷದ ನಿವಾಸಿ’ ಎನ್ನುತ್ತದೆ. ತೆರಿಗೆ ಕಟ್ಟಿದರೂ ನಂಬರು ಹಳೆಯದೇ. ನಂಬರು ಬದಲಾಗದೆ ಹಳೆಯ ರಾಜ್ಯ ಉಳಿಕೆ ಹಣ ವಾಪಸು ಕೊಡದು. ನಾಲ್ಕು ತಿಂಗಳಲ್ಲಿ ಪ್ರಾಜೆಕ್ಟು ಮುಗಿಸಿ ಮರಳುವವನು ಎರಡು ರಾಜ್ಯಗಳಲ್ಲೂ ಪೂರ್ತಿ ಜೀವಿತಾವಧಿ ತೆರಿಗೆ ಕಟ್ಟಿದವನಾಗುತ್ತಾನೆ.

2016ರಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ಈ ತಿದ್ದುಪಡಿಯನ್ನು ರದ್ದುಮಾಡಿತು. ಕೇಂದ್ರ ಕಾಯ್ದೆ ಹನ್ನೆರಡು ತಿಂಗಳು ಕೊಟ್ಟಿರುವಾಗ ರಾಜ್ಯ ಮೂವತ್ತೇ ದಿನಕ್ಕೆ ಜೀವಿತಾವಧಿ ತೆರಿಗೆ ಕೇಳುವುದು ನಿಲ್ಲಲಿಲ್ಲ. ಆದರೆ ನಡುವಿನ ಎರಡು ವರ್ಷಗಳಲ್ಲಿ ಗಾಡಿ ಮುಟ್ಟುಗೋಲಾದೀತೆಂದು ಹೆದರಿ ಕಟ್ಟಿದವರು ಎಷ್ಟೋ ಮಂದಿ. ಕೋಟಿಯ ಕಾರಿನವನಿಗೆ ವಕೀಲರಿದ್ದರು. ಬೈಕಿನ ಹುಡುಗನಿಗೆ ಇದ್ದದ್ದು ಮುಂದಿನ ವಾರದ ಪರೀಕ್ಷೆ.

ನಾವು ಹೊರನಾಡಿನಲ್ಲಿರುವ ಕನ್ನಡಿಗರು ಈ ಪ್ರಸಂಗವನ್ನು ಎರಡೂ ಕಡೆಯಿಂದ ನೋಡಬೇಕು. ಪುಣೆಯಲ್ಲಿ ಕೆಎ ಗಾಡಿಯನ್ನು ಅಡ್ಡಗಟ್ಟಿದರೆ ನಮಗೆ ಅನ್ಯಾಯವೆನಿಸುತ್ತದೆ. ನಮ್ಮ ರಾಜ್ಯವೇ ಇನ್ನೂ ಬಿಗಿಯಾದ ಬಲೆ ಹೆಣೆದಿತ್ತು ಎಂಬುದನ್ನು ಮರೆತರೆ ದೂರಿಗೆ ಬೆಲೆಯಿಲ್ಲ.

ಬಿಎಚ್ ಬಂತು

2021ರ ಆಗಸ್ಟ್ 26ರಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಬಿಎಚ್ ಸರಣಿಯನ್ನು ಪ್ರಕಟಿಸಿತು. ಸೆಪ್ಟೆಂಬರ್ 15ರಿಂದ ಜಾರಿ. ರಾಜ್ಯದ ಅಕ್ಷರಗಳ ಬದಲು ‘ಭಾರತ್’ ಎಂಬುದರ ಎರಡಕ್ಷರ. ತೆರಿಗೆ ಹದಿನೈದು ವರ್ಷಕ್ಕಲ್ಲ, ಎರಡೆರಡು ವರ್ಷಕ್ಕೆ. ಹತ್ತು ಲಕ್ಷದವರೆಗೆ ಶೇ. 8, ಇಪ್ಪತ್ತರವರೆಗೆ ಶೇ. 10, ಮೇಲೆ ಶೇ. 12ರ ಲೆಕ್ಕದಲ್ಲಿ, ಡೀಸೆಲ್‌ಗೆ ಎರಡು ಹೆಚ್ಚು, ವಿದ್ಯುತ್ ಗಾಡಿಗೆ ಎರಡು ಕಡಿಮೆ. ರಾಜ್ಯ ಬದಲಿಸಿದರೂ ನಂಬರು ಬದಲಿಸಬೇಕಿಲ್ಲ. ‘ಇಟ್ಟುಕೊಂಡ’ ಎಂಬ ಪದದ ಕಾಟವನ್ನೇ ಪಕ್ಕಕ್ಕೆ ಸರಿಸಿದ ಜಾಣ ಉಪಾಯ. ಹಳೆಯ ವಾರ್ಷಿಕ ತೆರಿಗೆಯ ಕಡೆಗೆ ಅರ್ಧ ದಾರಿ ಹಿಂದಿರುಗಿದಂತೆಯೂ ಆಯಿತು.

ಆದರೆ ಇಲ್ಲೂ ಒಂದು ವಾಕ್ಯ ನುಸುಳಿತು. ಇದು ಯಾರಿಗೆ? ಸೈನ್ಯ, ಕೇಂದ್ರ ಮತ್ತು ರಾಜ್ಯ ಸರ್ಕಾರ, ಸಾರ್ವಜನಿಕ ಉದ್ದಿಮೆಗಳ ನೌಕರರಿಗೆ, ಹಾಗೂ ನಾಲ್ಕು ಅಥವಾ ಹೆಚ್ಚು ರಾಜ್ಯ ಅಥವಾ ಕೇಂದ್ರಾಡಳಿತ ಪ್ರದೇಶಗಳಲ್ಲಿ ಕಚೇರಿಯಿರುವ ಖಾಸಗಿ ಸಂಸ್ಥೆಗಳ ನೌಕರರಿಗೆ. ನಮ್ಮಂಥ ದೊಡ್ಡ ಕಂಪನಿಯವರಿಗೆ ಕಚೇರಿಯಿಂದ ಫಾರಂ 60 ಸಿಕ್ಕರೆ ಸಾಕು. ಮೂರು ರಾಜ್ಯಗಳಲ್ಲಿ ಕಚೇರಿಯಿರುವ ಕಂಪನಿಯ ನೌಕರನಿಗೆ? ವಿದ್ಯಾರ್ಥಿಗೆ? ಮುಂಬಯಿಯಲ್ಲಿ ಹೋಟೆಲು ಇಟ್ಟ ಉಡುಪಿಯವರಿಗೆ? ಸ್ವಂತ ಉದ್ಯೋಗ ಮಾಡುವ ಫೋಟೋಗ್ರಾಫರಿಗೆ? ಊರೂರು ಅಲೆಯುವುದು ದೊಡ್ಡ ಕಂಪನಿಯ ನೌಕರರೊಬ್ಬರೇ ಎಂಬ ಊಹೆಯ ಮೇಲೆ ಈ ವಾಕ್ಯ ನಿಂತಿದೆ. ಅಲೆಯುವಿಕೆಯನ್ನು ಮನುಷ್ಯನಿಂದ ಅಳೆಯದೆ ಅವನ ಕಂಪನಿಯ ಬೋರ್ಡುಗಳನ್ನು ಎಣಿಸಿ ಅಳೆದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಒಮ್ಮೆಗೇ ಬರುತ್ತಿದ್ದ ತೆರಿಗೆ ಕೈತಪ್ಪುವುದು ರಾಜ್ಯಗಳಿಗೆ ರುಚಿಸಲಿಲ್ಲ. ಕರ್ನಾಟಕ 2021ರ ಡಿಸೆಂಬರ್‌ನ ಸುತ್ತೋಲೆಯಲ್ಲಿ ಖಾಸಗಿ ನೌಕರರನ್ನು ಹೊರಗಿಟ್ಟಿತು. 2022ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಅವರಿಗೂ ಬಿಎಚ್ ನೋಂದಣಿ ಕೊಡಬೇಕೆಂದಿತು. ಹೊಸ ಗಾಡಿಗಳಿಗೆ ಮಾತ್ರವಿದ್ದ ಸೌಲಭ್ಯ ಅದೇ ಹೊತ್ತಿಗೆ ಹಳೆಯ ಗಾಡಿಗಳಿಗೂ ತೆರೆಯಿತು. ಮತ್ತೆ ಅದೇ ಮಾದರಿ. ದಿಲ್ಲಿ ಒಂದು ವಾಕ್ಯ ಬರೆಯುತ್ತದೆ, ರಾಜ್ಯ ಅದನ್ನು ತನಗೆ ಬೇಕಾದಂತೆ ಓದುತ್ತದೆ, ಮಧ್ಯದಲ್ಲಿ ಗಾಡಿಯವನು ನ್ಯಾಯಾಲಯದ ಮೆಟ್ಟಿಲು ಹತ್ತುತ್ತಾನೆ.

ನಾಲ್ಕು ಪ್ರಶ್ನೆಗಳು

ಈ ಎಂಬತ್ತು ವರ್ಷಗಳ ಕಾನೂನುಗಳನ್ನು ಬರೆದವರು ದಡ್ಡರಾಗಿರಲಿಲ್ಲ, ದುಷ್ಟರೂ ಅಲ್ಲ. ಪ್ರತಿಯೊಬ್ಬರ ಕಣ್ಣೆದುರು ಒಂದು ನಿಜವಾದ ತೊಂದರೆಯಿತ್ತು. ರಿಜಿಸ್ಟರು, ರಸ್ತೆಯ ಖರ್ಚು, ಬಾಕಿ ವಸೂಲಿ, ಕಳ್ಳದಾರಿಯ ಶ್ರೀಮಂತರು, ವರ್ಗಾವಣೆಯ ನೌಕರರು. ಆ ತೊಂದರೆಗೆ ಸಿಕ್ಕ ವ್ಯಕ್ತಿಯನ್ನಷ್ಟೇ ಮನಸ್ಸಿನಲ್ಲಿಟ್ಟು ವಾಕ್ಯ ಬರೆದರು. ವಾಕ್ಯ ಮಾತ್ರ ಎಲ್ಲರಿಗೂ ಅನ್ವಯಿಸಿತು.

ಗಾಡಿಯ ಬಗ್ಗೆ ಯಾವ ಹೊಸ ನಿಯಮ ಬಂದರೂ ನಾಲ್ಕು ಪ್ರಶ್ನೆ ಕೇಳಿ ನೋಡಬಹುದು. ಎಣಿಕೆ ಯಾವ ದಿನದಿಂದ ಶುರು? ಸಾಬೀತು ಮಾಡಬೇಕಾದವರು ಯಾರು? ತೆರಿಗೆ ಬಳಸಿದಷ್ಟಕ್ಕೋ, ಊಹಿಸಿದಷ್ಟಕ್ಕೋ? ಮರಳಿಸಬೇಕಾದ ಹಣ ಗಾಡಿಯವನು ಕೇಳದೆಯೇ ಬರುತ್ತದೆಯೋ? ಅಜ್ಮೀರದ ಬಸ್ಸಿನಿಂದ ಮೂವತ್ತು ದಿನದವರೆಗೆ ಯಾವ ವಾಕ್ಯವೂ ಈ ನಾಲ್ಕಕ್ಕೂ ಉತ್ತರಿಸಿಲ್ಲ. ಇಂದು ಉತ್ತರಿಸುವುದು ಕಷ್ಟವೂ ಅಲ್ಲ. 2021ರ ಫೆಬ್ರುವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾಗಿದೆ, ಹೆದ್ದಾರಿಯ ಟೋಲ್ ದಾಟಿದ ಕಾರಿನ ದಿನ, ಗಂಟೆ ಎಲ್ಲವೂ ಸರ್ಕಾರದ ಬಳಿಯೇ ಇದೆ. ನೋಂದಣಿಯ ದಾಖಲೆ ಈಗ ಧಾರವಾಡದ ದಪ್ಪ ಪುಸ್ತಕದಲ್ಲಿಲ್ಲ, ದೇಶಕ್ಕೆಲ್ಲ ಒಂದೇ ಕಂಪ್ಯೂಟರ್ ವ್ಯವಸ್ಥೆಯಲ್ಲಿದೆ. 1939ರ ವಾಕ್ಯ ಹುಟ್ಟಿದ ಕಾರಣವೇ ಹೋಗಿದೆ. ಎರಡು ರಾಜ್ಯಗಳು ತಮ್ಮ ಲೆಕ್ಕವನ್ನು ತಾವೇ ಚುಕ್ತಾ ಮಾಡಿಕೊಳ್ಳಲು ತಂತ್ರಜ್ಞಾನದ ಅಡ್ಡಿಯಿಲ್ಲ, ಒಪ್ಪಂದದ ಕೊರತೆಯಿದೆ.

ಅಲ್ಲಿಯವರೆಗೆ 47ನೇ ಸೆಕ್ಷನ್ ಪುಸ್ತಕದಲ್ಲಿ ಹಾಗೆಯೇ ಇರುತ್ತದೆ. ಈ ವರ್ಷ ಊರಿನಿಂದ ಗಾಡಿ ತರುತ್ತಿರುವ ವಿದ್ಯಾರ್ಥಿಗಳಿಗೆ, ಹೊಸದಾಗಿ ವರ್ಗವಾಗಿ ಬಂದವರಿಗೆ ಒಂದು ಮಾತು. ಬಂದ ದಿನದ ಟೋಲ್ ರಸೀದಿ, ರೈಲಿನಲ್ಲಿ ಕಳಿಸಿದ್ದರೆ ಪಾರ್ಸೆಲ್ ಚೀಟಿ, ಊರಿಗೆ ಹೋಗಿಬಂದಾಗಿನ ಪೆಟ್ರೋಲ್ ಬಿಲ್ಲು, ಸರ್ವಿಸ್ ಮಾಡಿಸಿದ ಬಿಲ್ಲು, ಇವನ್ನು ಎಸೆಯಬೇಡಿ. ವರ್ಷ ಮೀರಿ ಇರುವುದು ಖಚಿತವಾದರೆ ಊರಿನ ಆರ್‌ಟಿಒಗೆ ಎನ್‌ಒಸಿ ಅರ್ಜಿಯನ್ನು ಹನ್ನೊಂದನೇ ತಿಂಗಳಿಗೂ ಮುಂಚೆಯೇ ಹಾಕಿ. ‘ಇಟ್ಟುಕೊಳ್ಳುವುದು’ ಎಂದರೇನು ಎಂದು ಕಾನೂನು ಹೇಳುವವರೆಗೆ, ಗಾಡಿ ಇಟ್ಟುಕೊಂಡವರು ಬಿಲ್ಲುಗಳನ್ನೂ ಇಟ್ಟುಕೊಂಡಿರುವುದು ಒಳ್ಳೆಯದು.